ಕಡಲಿನಲ್ಲಿ ಮೌನವೇ ಕಾವಲು

ಭಟ್ಕಳ, ಹೊನ್ನಾವರ, ಕುಮಟಾದ ಮೀನುಗಾರರು ಇಂದು ವೈರ್‌ಲೆಸ್‌ನಲ್ಲಿ ದೋಣಿಯಿಂದ ದೋಣಿಗೆ ಧಾರಾಳವಾಗಿ ಮಾತಾಡುತ್ತಾರೆ. ಎರಡನೆಯ ಮಹಾಯುದ್ಧದಲ್ಲಿ ಇದೇ ಕಡಲಿನ ಹಡಗುಗಳು ಬಾಯಿ ಬಿಡಲು ಹೆದರುತ್ತಿದ್ದವು.

ಹಡಗಿನ ರೇಡಿಯೊ ಕೋಣೆಯಲ್ಲಿ ವಾಲ್ವ್‌ಗಳಿಂದ ನಡೆಯುವ ಎರಡು ಯಂತ್ರಗಳಿರುತ್ತಿದ್ದವು. ಟ್ರಾನ್ಸ್‌ಮಿಟರ್ ಮೋರ್ಸ್ ಸಂಕೇತ ಕಳಿಸಿದರೆ ರಿಸೀವರ್ ಬಂದದ್ದನ್ನು ಕೇಳಿಸುತ್ತಿತ್ತು. ಕೇಳುವವನ ಸುಳಿವು ಸಿಗುವುದು ಕಷ್ಟ, ಕಳಿಸುವವನದು ಹಾಗಲ್ಲ. ಎರಡು ಕೇಂದ್ರಗಳು ಅಲೆ ಬಂದ ದಿಕ್ಕನ್ನು ಅಳೆದು ನಕ್ಷೆಯಲ್ಲಿ ಗೆರೆ ಎಳೆದರೆ, ಗೆರೆಗಳು ಕೂಡುವಲ್ಲಿ ಹಡಗು ಇರುತ್ತಿತ್ತು. ಶತ್ರುವಿಗೆ ಅಷ್ಟು ಸಾಕು.

ಈ ಭಯವಿಲ್ಲದ ಹಡಗೊಂದು ಕಾರವಾರದಾಚೆ, ತಟಸ್ಥ ಪೋರ್ಚುಗೀಸರ ಗೋವೆಯಲ್ಲಿತ್ತು. 1939ರಿಂದ ಮುರಗಾವ್ ಬಂದರಿನಲ್ಲಿ ತಂಗಿದ್ದ ಜರ್ಮನಿಯ ‘ಎಹ್ರೆನ್‌ಫೆಲ್ಸ್’ನ ಗುಪ್ತ ಟ್ರಾನ್ಸ್‌ಮಿಟರ್, ಮಿತ್ರಪಕ್ಷದ ಹಡಗುಗಳ ಸುದ್ದಿಯನ್ನು ಜಲಾಂತರ್ಗಾಮಿಗಳಿಗೆ ಮುಟ್ಟಿಸುತ್ತಿದೆಯೆಂದು ಬ್ರಿಟಿಷರು ನಂಬಿದರು. ತಟಸ್ಥ ಬಂದರಿಗೆ ಸೇನೆ ಬಹಿರಂಗವಾಗಿ ನುಗ್ಗುವಂತಿರಲಿಲ್ಲ. ಆದ್ದರಿಂದ ಕಲ್ಕತ್ತೆಯ ನಡುವಯಸ್ಸಿನ ಸ್ವಯಂಸೇವಕರು ಕೊಚ್ಚಿಯಿಂದ, ಹೂಳು ಸಾಗಿಸುವ ‘ಫೀಬಿ’ ಎಂಬ ನಾವೆಯಲ್ಲಿ ಇದೇ ಕರಾವಳಿಯನ್ನು ದಾಟಿ ಬಂದು, 1943ರ ಮಾರ್ಚ್‌ನ ಒಂದು ರಾತ್ರಿ ಆ ಹಡಗನ್ನೇರಿದರು. ಜರ್ಮನರು ತಮ್ಮ ಹಡಗನ್ನು ತಾವೇ ಮುಳುಗಿಸಿದರು, ಟ್ರಾನ್ಸ್‌ಮಿಟರ್ ಮೌನವಾಯಿತು.

ದಾಳಿ ಮಾಡಿದವರೂ ಮೌನವನ್ನೇ ಕಾದರು. 1978ರಲ್ಲಿ ಪುಸ್ತಕವೊಂದು ಹೊರಬರುವವರೆಗೆ ಅವರ ಸಾಹಸ ಲೋಕಕ್ಕೆ ತಿಳಿದಿರಲಿಲ್ಲ.