ನೋವಿನ ಹಿಂದಿನ ಲೆಕ್ಕ

ಪುತ್ತೂರು, ಸುಳ್ಯ, ಕಡಬದ ಕಡೆ ಅಂಗಳದಲ್ಲಿ ಕುಳಿತು ಅಡಿಕೆ ಸುಲಿಯುವವರನ್ನು ನೀವು ನೋಡಿಯೇ ಇರುತ್ತೀರಿ. ಒಂದು ಅಡಿಕೆಯ ಸಿಪ್ಪೆ ಬಿಡಿಸಲು ಹೆಚ್ಚು ಬಲವೇನೂ ಬೇಡ. ಹಾಗಿದ್ದರೆ ವರ್ಷಗಟ್ಟಲೆ ಆ ಕೆಲಸ ಮಾಡಿದವರು ರಾತ್ರಿ ಮಣಿಕಟ್ಟಿಗೆ ಎಣ್ಣೆ ಹಚ್ಚಿಕೊಂಡು ಕೂರುವುದೇಕೆ? ಅವರು ಬಿದ್ದಿಲ್ಲ, ಪೆಟ್ಟು ತಿಂದಿಲ್ಲ. ಎಕ್ಸ್‌-ರೇ ತೆಗೆಸಿದರೆ ಮೂಳೆ ಸರಿಯಾಗಿಯೇ ಇರುತ್ತದೆ. ಆದರೂ ನೋವು ನಿಜ.

ಇದರ ಉತ್ತರ ಬಲದಲ್ಲಿಲ್ಲ, ಎಣಿಕೆಯಲ್ಲಿದೆ. ರಬ್ಬರ್ ತೋಟದ ಉದಾಹರಣೆ ತೆಗೆದುಕೊಳ್ಳಿ. ತಂಪು ಹೊತ್ತಿನಲ್ಲಿ ಹಾಲು ಚೆನ್ನಾಗಿ ಇಳಿಯುವುದರಿಂದ ಟ್ಯಾಪಿಂಗ್ ಮಾಡುವವರು ಬೆಳಕು ಹರಿಯುವ ಮೊದಲೇ ತೋಟದಲ್ಲಿರುತ್ತಾರೆ. ಒಬ್ಬರ ಪಾಲಿಗೆ 300 ಮರಗಳೆಂದು ಇಟ್ಟುಕೊಳ್ಳೋಣ. ಮರವೊಂದಕ್ಕೆ ಹತ್ತು ಸಲ ಕತ್ತಿ ಎಳೆದರೂ ಒಂದು ಬೆಳಗಿಗೆ 3000 ಸಲ ಅದೇ ಮಣಿಕಟ್ಟು, ಅದೇ ಮೊಣಕೈ, ಅದೇ ಭುಜ ದುಡಿಯಬೇಕು. 1964ರ ಭಾರತ–ಶ್ರೀಲಂಕಾ ಒಪ್ಪಂದದ ಫಲವಾಗಿ ಇಲ್ಲಿಗೆ ಬಂದ ತಮಿಳು ಕುಟುಂಬಗಳು ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ತಲೆಮಾರುಗಳಿಂದ ಮಾಡುತ್ತಾ ಬಂದಿರುವುದು ಇದೇ ಕೆಲಸವನ್ನು.

ಈ ಸಂಗತಿ ಹೊಸದಲ್ಲ. ಇಟಲಿಯ ವೈದ್ಯ ಬರ್ನಾರ್ಡಿನೋ ರಮಾಝಿನಿ 1700ರಲ್ಲೇ ಕಸುಬುಗಳಿಂದ ಬರುವ ರೋಗಗಳ ಬಗ್ಗೆ ಪುಸ್ತಕ ಬರೆದ. 1713ರ ಮುದ್ರಣದಲ್ಲಿ, ದಿನವಿಡೀ ಲೇಖನಿ ಹಿಡಿಯುವ ಗುಮಾಸ್ತರ ಕೈನೋವನ್ನೂ ಸೇರಿಸಿದ. ಲೇಖನಿಗಿಂತ ಹಗುರವಾದ ಆಯುಧ ಇನ್ನಾವುದಿದೆ ಹೇಳಿ!

ಇನ್ನು ದೇಹದ ಒಳಗೆ ನಡೆಯುವುದೇನೆಂದು ನೋಡೋಣ. ಸ್ನಾಯುವನ್ನು ಮೂಳೆಗೆ ಬಿಗಿಯುವ ಹಗ್ಗಕ್ಕೆ ಸ್ನಾಯುರಜ್ಜು ಎಂದು ಹೆಸರು. ಅದು ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳಿಂದ ಹೊಸೆದದ್ದು. ಹೆಚ್ಚು ದುಡಿದಾಗ ಎಳೆಗಳಿಗೆ ಕಣ್ಣಿಗೆ ಕಾಣದಷ್ಟು ಸಣ್ಣ ಹಾನಿಯಾಗುತ್ತದೆ. ವಿಶ್ರಾಂತಿ ಸಿಕ್ಕರೆ ದೇಹವೇ ಅದನ್ನು ದುರಸ್ತಿ ಮಾಡುತ್ತದೆ. ಹಗ್ಗ ಮೊದಲಿಗಿಂತ ಗಟ್ಟಿಯೂ ಆಗಬಹುದು. ಆದರೆ ಸ್ನಾಯುವಿಗೆ ಹೋಲಿಸಿದರೆ ಇಲ್ಲಿ ರಕ್ತ ಸಂಚಾರ ಕಡಿಮೆ, ಹಾಗಾಗಿ ದುರಸ್ತಿಯೂ ನಿಧಾನ. ದುರಸ್ತಿ ಮುಗಿಯುವ ಮೊದಲೇ ಮತ್ತೆ ಮತ್ತೆ ಎಳೆದರೆ ಹಾನಿ ಕೂಡುತ್ತಾ ಹೋಗುತ್ತದೆ. ಬೀಡಿ ಕಟ್ಟುವ ಬೆರಳುಗಳದ್ದು ಇನ್ನೊಂದು ಬಗೆಯ ತೊಂದರೆ. ಮಣಿಕಟ್ಟಿನ ಇಕ್ಕಟ್ಟಾದ ಸುರಂಗದಲ್ಲಿ ಸ್ನಾಯುರಜ್ಜುಗಳ ಜೊತೆಗೇ ಒಂದು ನರವೂ ಹಾದುಹೋಗುತ್ತದೆ. ಅಲ್ಲಿ ಊತ ಬಂದು ನರ ಅದುಮಿದರೆ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿಯುತ್ತವೆ.

ನೋವು ಮೂರು ತಿಂಗಳು ದಾಟಿತೆಂದರೆ ವೈದ್ಯರು ಅದನ್ನು ದೀರ್ಘಕಾಲದ ನೋವು ಎನ್ನುತ್ತಾರೆ. ಆಗ ಕಥೆ ಬದಲಾಗಬಹುದು. ಗಾಯ ಮಾಗಿದ ಮೇಲೂ ನರಗಳು, ಮಿದುಳುಬಳ್ಳಿ, ಮಿದುಳು ಅತಿ ಸೂಕ್ಷ್ಮವಾಗಿಯೇ ಉಳಿದು, ಸಣ್ಣ ಸ್ಪರ್ಶಕ್ಕೂ ದೊಡ್ಡ ಎಚ್ಚರಿಕೆ ಕೊಡುತ್ತವೆ. ಕಳ್ಳ ಹೋದ ಮೇಲೂ ನಾಯಿ ಬೊಗಳುತ್ತಲೇ ಇರುವ ಹಾಗೆ. ಆದ್ದರಿಂದ 'ಎಕ್ಸ್‌-ರೇಯಲ್ಲಿ ಏನೂ ಇಲ್ಲ, ಸುಮ್ಮನೆ ನಟನೆ' ಎಂದು ಮನೆಯ ಹಿರಿಯರನ್ನಾಗಲೀ ಕೆಲಸಕ್ಕೆ ಬರುವವರನ್ನಾಗಲೀ ಹಂಗಿಸುವುದು ಅನ್ಯಾಯವಷ್ಟೇ ಅಲ್ಲ, ವಿಜ್ಞಾನಕ್ಕೂ ವಿರುದ್ಧ.

ನೀವು ಕಬಡ್ಡಿ, ವಾಲಿಬಾಲ್ ಆಡುವವರೇ? ಹಾಗಿದ್ದರೆ ಈ ಲೆಕ್ಕ ನಿಮಗೂ ಅನ್ವಯಿಸುತ್ತದೆ. ಬೆಳೆಯುವ ವಯಸ್ಸಿನಲ್ಲಿ ಸ್ನಾಯುರಜ್ಜು ಮೂಳೆಗೆ ಅಂಟುವ ಜಾಗ ಇನ್ನೂ ಎಳಸಾಗಿರುತ್ತದೆ. ಪಂದ್ಯಾಟ ಹತ್ತಿರ ಬಂತೆಂದು ಅಭ್ಯಾಸವನ್ನು ಒಮ್ಮೆಲೇ ಇಮ್ಮಡಿ ಮಾಡಿದರೆ ಮೊಣಕಾಲ ಚಿಪ್ಪಿನ ಕೆಳಗೆ ನೋವು, ಉಬ್ಬು ಕಾಣಿಸಿಕೊಳ್ಳಬಹುದು. ನಮ್ಮ ಅನಿಲ್ ಕುಂಬ್ಳೆ ಭುಜದ ಗಾಯದಿಂದ 2001ರ ಆಸ್ಟ್ರೇಲಿಯಾ ಎದುರಿನ ತವರಿನ ಟೆಸ್ಟ್ ಸರಣಿಯಲ್ಲಿ ಆಡಲಾಗಲಿಲ್ಲ. ಶಸ್ತ್ರಚಿಕಿತ್ಸೆ, ವಿಶ್ರಾಂತಿ, ವ್ಯಾಯಾಮಗಳ ನಂತರ ಮರಳಿದರು. 2008ರಲ್ಲಿ ನಿವೃತ್ತರಾದಾಗ ಅವರ ಟೆಸ್ಟ್ ವಿಕೆಟ್‌ಗಳ ಸಂಖ್ಯೆ 619. ವಿಶ್ರಾಂತಿ ಎಂದರೆ ಸೋಲಲ್ಲ.

ಆದರೆ ಆಟಗಾರನಿಗೆ ಸಿಗುವ ವಿಶ್ರಾಂತಿ ಕೂಲಿಯವರಿಗೆ ಸಿಗುತ್ತದೆಯೇ? ಬೀಡಿಗೆ ಸಾವಿರದ ಲೆಕ್ಕದಲ್ಲಿ, ಸುಲಿದ ಅಡಿಕೆಗೆ ಕಿಲೋ ಲೆಕ್ಕದಲ್ಲಿ ಮಜೂರಿ. ಕೈ ನಿಂತರೆ ಸಂಪಾದನೆಯೂ ನಿಂತಿತು. ಹೀಗಾಗಿ ಅನೇಕರು ಮೆಡಿಕಲ್ ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗಿ, ಮರುದಿನ ಮತ್ತೆ ಕೆಲಸಕ್ಕೆ ಕೂರುತ್ತಾರೆ. ಮಾತ್ರೆ ನೋವನ್ನು ಮರೆಸುತ್ತದೆ, ಎಣಿಕೆಯನ್ನು ತಗ್ಗಿಸುವುದಿಲ್ಲ. ವೈದ್ಯರನ್ನು ಕೇಳದೆ ದಿನವೂ ನುಂಗಿದರೆ ಹೊಟ್ಟೆಗೆ, ಮೂತ್ರಪಿಂಡಕ್ಕೆ ಕೇಡು.

ಪೂರ್ತಿ ನಿಲ್ಲಿಸಲಾಗದವರೂ ಮಾಡಬಹುದಾದದ್ದಿದೆ. ಅರ್ಧ ಗಂಟೆಗೊಮ್ಮೆ ಎದ್ದು ಕೈಕಾಲು ಆಡಿಸುವುದು, ಕೆಲಸವನ್ನು ಬದಲಿಸಿ ಬದಲಿಸಿ ಮಾಡುವುದು, ಕತ್ತಿಯನ್ನು ಹರಿತವಾಗಿಡುವುದು, ಕೂರುವ ಮಣೆಯ ಎತ್ತರ ಸರಿಪಡಿಸುವುದು. ಹೊಸ ಸಲಕರಣೆ ಬಂದರೂ ಲೆಕ್ಕ ಮರೆಯಬಾರದು. ಫೈಬರ್ ದೋಟಿಯಿಂದ ಅಡಿಕೆ ಮರ ಏರುವ ಅಪಾಯ ತಪ್ಪಿತು, ನಿಜ. ಆದರೆ ನೆಲದಲ್ಲಿ ನಿಂತು ಗಂಟೆಗಟ್ಟಲೆ ತಲೆಯೆತ್ತಿ ದೋಟಿ ಹಿಡಿದರೆ ಭಾರ ಕುತ್ತಿಗೆಗೂ ಭುಜಕ್ಕೂ ಬೀಳುತ್ತದೆ. ಜೋಮು, ಹಿಡಿತ ಸಡಿಲವಾಗುವುದು, ನಿದ್ದೆ ಕೆಡಿಸುವ ನೋವು ಕಂಡರೆ ವೈದ್ಯರಲ್ಲಿಗೆ ಹೋಗಲು ತಡಮಾಡಬೇಡಿ.

ಕೊನೆಯಲ್ಲಿ ಒಂದು ಸಣ್ಣ ಪ್ರಯೋಗ. ಈ ಭಾನುವಾರ ಮನೆಯಲ್ಲಿ ಕೆಲಸ ಮಾಡುತ್ತಿರುವ ಒಬ್ಬರ ಬಳಿ ಹತ್ತು ನಿಮಿಷ ಕುಳಿತು, ಅವರ ಕೈ ಒಂದೇ ರೀತಿ ಎಷ್ಟು ಸಲ ಆಡಿತೆಂದು ಎಣಿಸಿ. ಅದನ್ನು ಇಡೀ ದಿನಕ್ಕೆ, ಆಮೇಲೆ ಒಂದು ವರ್ಷಕ್ಕೆ ಗುಣಿಸಿ. ಬಂದ ಉತ್ತರವನ್ನು ಅವರಿಗೂ ತೋರಿಸಿ. ಮತ್ತೆ ಹತ್ತು ನಿಮಿಷ ಅವರನ್ನು ಏಳಿಸಿ, ಆ ಕೆಲಸಕ್ಕೆ ನೀವೇ ಕುಳಿತುಕೊಳ್ಳಿ.