ಹರಿವೆ ಸಾಲಿನಲ್ಲಿ ಹೆಸರಿಲ್ಲದ್ದು

ಆಸಾಡಿಯ ಮಳೆ ಹಿಡಿದು ಬಿಟ್ಟ ಮೇಲೆ ಶಂಕರನಾರಾಯಣದ ಕಡೆಯ ಯಾವ ಹಿತ್ತಿಲಿಗೆ ಹೋದರೂ ಈ ಮಾತು ಕಿವಿಗೆ ಬೀಳುತ್ತದೆ: “ಇದ್ ಎಂತ ಗಿಡ ಕಾಣಿ, ನಾವ್ ನೆಟ್ಟದ್ದಲ್ಲ.” ಹರಿವೆಗೋ ಬೆಂಡೆಗೋ ಹದ ಮಾಡಿದ ಸಾಲಿನಲ್ಲಿ ಬಿತ್ತಿದ್ದಕ್ಕಿಂತ ಮೊದಲು ಬಿತ್ತದ್ದೇ ತಲೆ ಎತ್ತಿರುತ್ತದೆ. ಹಾಡಿ, ಹಕ್ಕಲು, ಗದ್ದೆ ಮೂರೂ ಕೂಗಳತೆಯಲ್ಲಿರುವ ಸೀಮೆ ಇದು. ಮಳೆಯೋ ವರ್ಷಕ್ಕೆ 4000 ಮಿ.ಮೀ. ಆಸುಪಾಸು. ಬೀಜ ಬರುವ ದಾರಿಗಳಿಗೆ ಬರವಿಲ್ಲ. ಹಟ್ಟಿಗೊಬ್ಬರ, ಹಕ್ಕಿಯ ಹಿಕ್ಕೆ, ಗದ್ದೆಯಿಂದ ಹೊತ್ತು ತಂದ ಮಣ್ಣು, ಈಚೆಗೆ ನರ್ಸರಿಯ ಕಪ್ಪು ತೊಟ್ಟೆ.

ಈಗ ಎಲ್ಲರೂ ಮೊದಲು ಮಾಡುವುದು ಮೊಬೈಲಿನಲ್ಲಿ ಒಂದು ಚಿತ್ರ ಹೊಡೆಯುವುದು. ಗೂಗಲ್ ಲೆನ್ಸ್, ಪ್ಲಾಂಟ್‌ನೆಟ್ ಕ್ಷಣದಲ್ಲಿ ಹೆಸರು ಹೇಳುತ್ತವೆ. ತಪ್ಪೇನಿಲ್ಲ, ಆದರೆ ಎರಡೆಲೆಯ ಸಸಿಯನ್ನು ಮೇಲಿನಿಂದ ಹೊಡೆದ ಚಿತ್ರಕ್ಕೆ ಬರುವ ಉತ್ತರ ಜಾತಕ ನೋಡದೆ ಹೇಳಿದ ಭವಿಷ್ಯದಂತೆ. ಎಲೆಯ ಬೆನ್ನು, ಕಾಂಡದ ಗಂಟು, ಹೂವಿನ ಬದಿ, ಕಾಯಿ, ಇಷ್ಟೂ ಸಿಗುವ ತನಕ ಹೆಸರಿಗೆ ಅವಸರ ಬೇಡ ಎನ್ನುವುದು ನನ್ನ ಪಕ್ಷ. ಅಷ್ಟರಲ್ಲಿ ಕೈಗೆ, ಮೂಗಿಗೆ ಕೆಲಸವಿದೆ. ಕಾಂಡವನ್ನು ಬೆರಳ ನಡುವೆ ಹೊರಳಿಸಿದಾಗ ನಾಲ್ಕು ಏಣು ಸಿಕ್ಕಿ, ಎಲೆಗಳು ಎದುರುಬದುರಾಗಿದ್ದು, ಹಿಚುಕಿದರೆ ಪರಿಮಳ ಬಂದರೆ ಅದು ತುಳಸಿಯ ಬಳಗದ್ದಿರಬಹುದು. ಚಿವುಟಿದಲ್ಲಿ ಹಾಲು ಒಸರಿದರೆ ಕೈ ತೊಳೆದುಕೊಳ್ಳಿ, ಕಣ್ಣು ಮುಟ್ಟಬೇಡಿ. ಬಾಯಿಗಿಟ್ಟು ನೋಡುವ ಪರೀಕ್ಷೆ ಮಾತ್ರ ಬೇಡವೇ ಬೇಡ.

ನೋಟ ಎಷ್ಟು ಸೂಕ್ಷ್ಮವಾಗಬೇಕು ಎನ್ನುವುದಕ್ಕೆ ನೆಲನೆಲ್ಲಿಯನ್ನೇ ತೆಗೆದುಕೊಳ್ಳಿ. ಗೇಣುದ್ದದ ಗಿಡ, ನಾಚಿಕೆಮುಳ್ಳಿನ ಹಾಗೆ ಸಾಲು ಸಾಲು ಚಿಕ್ಕ ಎಲೆ, ಸಂಜೆಯಾದರೆ ಎರಡೂ ಎಲೆ ಮಡಚುತ್ತವೆ. ಆದರೆ ನಾಚಿಕೆಮುಳ್ಳಿನದು ಹಲವು ತುಂಡಾಗಿ ಸೀಳಿದ ಒಂದೇ ಎಲೆ. ಆ ತುಂಡುಗಳ ಬುಡದಲ್ಲಿ ಮೊಗ್ಗು ಹುಟ್ಟುವುದಿಲ್ಲ. ನೆಲನೆಲ್ಲಿಯ ಕಡ್ಡಿಯನ್ನು ಮಗುಚಿ ನೋಡಿ: ಒಂದೊಂದು ಎಲೆಯ ಬುಡದಲ್ಲೂ ಸಾಸಿವೆ ಗಾತ್ರದ ಹೂವೋ ಕಾಯಿಯೋ ತೂಗುತ್ತಿರುತ್ತದೆ. ಅಂದರೆ ಅದು ಎಲೆಯಲ್ಲ, ಎಲೆ ತುಂಬಿದ ಕೊಂಬೆ. ಮಗುಚಿದ ಕೈಯಲ್ಲೇ ಇನ್ನೊಂದನ್ನೂ ನೋಡಿಬಿಡಿ. ಕಾಯಿ ನುಣುಪಾಗಿ ಸಣ್ಣ ತೊಟ್ಟಿನಲ್ಲಿ ಜೋತಿದ್ದರೆ ಫಿಲಾಂಥಸ್ ಅಮಾರಸ್. ಮೈಯೆಲ್ಲ ತರಿತರಿಯಾಗಿ, ತೊಟ್ಟೇ ಇಲ್ಲವೆಂಬಂತೆ ಕಡ್ಡಿಗೆ ಅಂಟಿದ್ದು, ಕಾಂಡಕ್ಕೆ ಕೆಂಪು ಛಾಯೆ ಇದ್ದರೆ ಫಿಲಾಂಥಸ್ ಯುರಿನೇರಿಯಾ. ಹಿತ್ತಿಲಿನಲ್ಲಿ ಎರಡೂ ಒಂದೇ ಸಾಲಿನಲ್ಲಿ ಬೆಳೆಯುತ್ತವೆ, ಕಾಮಾಲೆಗೆ ಎಂದು ಕೀಳುವವರು ಎರಡನ್ನೂ ಒಟ್ಟಿಗೇ ಅರೆಯುತ್ತಾರೆ.

ಹಳ್ಳಿಯವರನ್ನು ನೋಡಿ ನಗುವ ಹಾಗಿಲ್ಲ, ಪಂಡಿತರೂ ಇಲ್ಲಿ ಎಡವಿದ್ದಾರೆ. ಕೊಚ್ಚಿಯ ಡಚ್ ಅಧಿಕಾರಿ ವಾನ್ ರೀಡ್ 1678ರಿಂದ 1693ರವರೆಗೆ ಹನ್ನೆರಡು ಸಂಪುಟಗಳಲ್ಲಿ ಹೊರತಂದ ‘ಹೋರ್ಟಸ್ ಮಲಬಾರಿಕಸ್’ ಈ ಎರಡು ಗಿಡಗಳಿಗೆ ಬೇರೆ ಬೇರೆ ಚಿತ್ರ, ಬೇರೆ ಬೇರೆ ಹೆಸರು ಕೊಟ್ಟಿತ್ತು. ಅವನಿಗೆ ಗಿಡ ತೋರಿಸಿಕೊಟ್ಟವರಲ್ಲಿ ವೈದ್ಯ ಇಟ್ಟಿ ಅಚ್ಯುತನ್ ಇದ್ದರು. ರಂಗ ಭಟ್, ವಿನಾಯಕ ಪಂಡಿತ, ಅಪ್ಪು ಭಟ್ ಎಂಬ ಕೊಂಕಣಿ ವೈದ್ಯರೂ ಇದ್ದರು. ಆಮೇಲೆ ಲಿನೇಯಸ್ 1753ರಲ್ಲಿ ಇಟ್ಟ ‘ಫಿಲಾಂಥಸ್ ನಿರೂರಿ’ ಎಂಬ ಹೆಸರು ನಮ್ಮ ನೆಲನೆಲ್ಲಿಗೂ ಅಂಟಿತು. ನಿಜವಾದ ನಿರೂರಿ ಅಮೆರಿಕ ಖಂಡದ ಗಿಡವೆಂದು ಸಸ್ಯಶಾಸ್ತ್ರಜ್ಞ ಗ್ರೇಡಿ ವೆಬ್‌ಸ್ಟರ್ 1950ರ ದಶಕದಲ್ಲಿ ಬಿಡಿಸಿ ಹೇಳಿದರು. ಔಷಧಿ ಡಬ್ಬಿಗಳ ಮೇಲೆ ಇಂದಿಗೂ ನಿರೂರಿಯೇ ಕಾಣುತ್ತದೆ. 1988ರಲ್ಲಿ ಮದರಾಸಿನ ತ್ಯಾಗರಾಜನ್ ಮತ್ತು ಸಂಗಡಿಗರು ಹೆಪಟೈಟಿಸ್ ಬಿ ಮೇಲೆ ಅಮಾರಸ್ ಪ್ರಯೋಗಿಸಿ ‘ಲ್ಯಾನ್ಸೆಟ್’ನಲ್ಲಿ ಬರೆದಾಗ ಲೋಕವೇ ತಿರುಗಿ ನೋಡಿತು, ಮುಂದಿನ ಪ್ರಯೋಗಗಳಲ್ಲಿ ಆ ಫಲ ಸಿಗಲಿಲ್ಲ. ಕಾಮಾಲೆಯಾದರೆ ರಕ್ತಪರೀಕ್ಷೆಗೇ ಹೋಗಿ.

ಗುರುತು ತಪ್ಪಿದರೆ ಏನಾದೀತು ಎಂಬುದು ಈ ಕರಾವಳಿಗೆ ಹೊಸತಲ್ಲ. ಆಸಾಡಿ ಅಮಾಸೆಯ ಬೆಳಗಿನ ಜಾವ, ಕತ್ತಿ ಮುಟ್ಟಿಸದೆ ಕಲ್ಲಿನಿಂದ ಜಜ್ಜಿ ಹಾಲೆಮರದ ಕೆತ್ತೆ ತಂದು ಕಷಾಯ ಕುಡಿಯುವುದು ರೂಢಿ. ಕತ್ತಲಲ್ಲಿ ಬೇರೆ ಮರದ ಕೆತ್ತೆ ತಂದವರು ಆಸ್ಪತ್ರೆ ಸೇರಿದ ಸುದ್ದಿ ಪತ್ರಿಕೆಗಳಲ್ಲಿ ಬಂದದ್ದುಂಟು. ಹಾಲೆಗೆ ಒಂದೇ ಗಂಟಿನಲ್ಲಿ ಸುತ್ತ ಏಳರಷ್ಟು ಎಲೆ, ಗಾಯದಲ್ಲಿ ಬಿಳಿ ಹಾಲು. ವಿಷದ ಕಾಸರಕಕ್ಕೆ ಎಲೆ ಎರಡೆರಡೇ, ಬುಡದಿಂದಲೇ ಹೊರಟ ದಪ್ಪ ನರಗಳು, ಹಾಲಿಲ್ಲ. ಹಗಲಲ್ಲೇ ಮರ ನೋಡಿ ಗುರುತು ಹಾಕಿಟ್ಟರೆ ಸಂಪ್ರದಾಯಕ್ಕೇನೂ ಭಂಗವಿಲ್ಲ.

ಅಜ್ಜಿಯರಿಗೂ ಗೊತ್ತಿಲ್ಲದ ಗಿಡಗಳಿವೆ. ಮೂರು ಚಿಕ್ಕ ಎಲೆಗಳ ಗುಂಪು, ನಾಲ್ಕೂ ಎಸಳು ಒಂದೇ ಬದಿಗೆ ನಿಗುರಿದ ಪುಟ್ಟ ನೇರಳೆ ಹೂ, ಕೋಡಿನಂಥ ಸಪೂರ ಕಾಯಿ: ಅದು ಕ್ಲಿಯೋಮ್ ರುಟಿಡೋಸ್ಪರ್ಮ, ಹಳದಿ ಹೂವಿನ ನಮ್ಮ ನಾಯಿಸಾಸಿವೆಯ ಆಫ್ರಿಕದ ನೆಂಟ. ಇದರ ಬೀಜಕ್ಕೆ ಅಂಟಿದ ಬಿಳಿ ತಿರುಳಿನ ಆಸೆಗೆ ಇರುವೆಗಳು ಅದನ್ನು ಹೊತ್ತೊಯ್ಯುತ್ತವೆ. ಸಾಲಿನ ಒಂದು ತುದಿಯಲ್ಲಿದ್ದದ್ದು ಮುಂದಿನ ಮಳೆಗೆ ಅಂಗಳದ ಬಿರುಕಿನಲ್ಲಿ ಏಳುವುದು ಹಾಗೆ. ಪರದೇಶಿ ಎಂದ ಮಾತ್ರಕ್ಕೆ ಸಿಟ್ಟಾಗಬೇಕಿಲ್ಲ. ಸ್ಲೇಟು ಒರೆಸುತ್ತಿದ್ದ ನೀರುಕಡ್ಡಿ ಅಮೆರಿಕದ್ದು, ನಾಚಿಕೆಮುಳ್ಳೂ ಅಲ್ಲಿಯದು. ಮೆಣಸಿನಕಾಯಿಯೂ ಅಲ್ಲಿಯದೇ, ಅದನ್ನು ಯಾರೂ ಕಳೆ ಅನ್ನುವುದಿಲ್ಲ.

ಪುಸ್ತಕ ಬೇಕೆನ್ನುವವರ ಪಾಲಿಗೆ ನಮ್ಮ ಜಿಲ್ಲೆ ಅದೃಷ್ಟದ್ದು. ಉಡುಪಿಯ ಪೂರ್ಣಪ್ರಜ್ಞ ಕಾಲೇಜಿನಲ್ಲಿ ಪಾಠ ಹೇಳಿದ ಕೆ. ಗೋಪಾಲಕೃಷ್ಣ ಭಟ್ಟರ ‘ಫ್ಲೋರಾ ಆಫ್ ಉಡುಪಿ’ 2003ರಲ್ಲಿ, ‘ಫ್ಲೋರಾ ಆಫ್ ಸೌತ್ ಕೆನರಾ’ 2014ರಲ್ಲಿ ಬಂದವು. ಇಂಗ್ಲಿಷ್ ಪುಸ್ತಕಗಳು, ಭಾಷೆ ಗಡುಸು. ಸಸ್ಯಶಾಸ್ತ್ರದ ಮೇಷ್ಟ್ರೊಬ್ಬರು ಜೊತೆಗಿದ್ದರೆ ಒಳ್ಳೆಯದು. ಅವರಿಗೆ ತೋರಿಸಲು ಹೂವು, ಕಾಯಿ ಸಹಿತ ಒಂದು ಗೆಲ್ಲನ್ನು ಹಳೆ ಪೇಪರಿನ ನಡುವೆ ಭಾರ ಹೇರಿ ಒಣಗಿಸಿ. ಮಳೆಗಾಲದಲ್ಲಿ ದಿನವೂ ಪೇಪರ್ ಬದಲಿಸದಿದ್ದರೆ ಬೂಷ್ಟು ಹಿಡಿಯುತ್ತದೆ.

ಹೂ ಬಿಡುವ ತನಕ ಕಾಯುವ ಈ ನಿಯಮಕ್ಕೆ ಹೊರತಾದವು ಎರಡು. ಎಲೆಯ ಬುಡದಿಂದ ಎದ್ದು ಕಾಣುವ ಮೂರು ನರ, ಹಿಚುಕಿದರೆ ಕಟುವಾಸನೆ ಇದ್ದರೆ ಕಮ್ಯುನಿಸ್ಟ್ ಗಿಡ. ಹೃದಯದಾಕಾರದ ಎಲೆ ಎದುರುಬದುರಾಗಿ ಇಟ್ಟುಕೊಂಡು ಬೆಂಡೆಯ ಮೇಲೆ ಹಬ್ಬುವ ಬಳ್ಳಿ ಮಿಕಾನಿಯ. ಹೂವಾದರೆ ಎರಡರ ಬೀಜವೂ ಗಾಳಿಯಲ್ಲಿ ಹಾರುತ್ತದೆ. ಮಿಕಾನಿಯದ ತುಂಡು ಗಂಟೂ ಬೇರು ಬಿಡುತ್ತದೆ. ಕಿತ್ತದ್ದನ್ನು ಹಸಿಯಾಗಿ ಗೊಬ್ಬರದ ಗುಂಡಿಗೆ ಎಸೆಯದೆ, ಬಚ್ಚಲೊಲೆಯ ಬದಿಯಲ್ಲಿ ಒಣಗಿಸಿ ಸುಡಿ.