ಅನಿಲ ಸಿಲಿಂಡರ್: ಮುಳ್ಳಿಗಿಂತ ತೂಕವೇ ವಿಶ್ವಾಸಾರ್ಹ

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಹೋಟೆಲ್ ಹಾಗೂ ಸಂಚಾರಿ ಕ್ಯಾಂಟೀನುಗಳ ಮಾಲೀಕರು ಮಳೆಗಾಲದಲ್ಲಿ ಒಂದು ವಿಷಯವನ್ನು ಗಮನಿಸುವುದು ಅವಶ್ಯ. ಒಲೆಯ ಉರಿ ಕುಗ್ಗಿ, ಒತ್ತಡಮಾಪಕದ ಮುಳ್ಳು ಇಳಿದೊಡನೆ ಅನಿಲ ಮುಗಿಯಿತೆಂದು ಸಿಲಿಂಡರನ್ನು ಹಿಂದಿರುಗಿಸಿದರೆ, ಹಣ ತೆತ್ತ ಅನಿಲವೂ ಅದರೊಡನೆ ಹೋಗಬಹುದು.

ಸಿಲಿಂಡರಿನಲ್ಲಿರುವುದು ಬಹುಪಾಲು ದ್ರವ. ಅದು ಆವಿಯಾಗಿ ಒಲೆಗೆ ಬರುತ್ತದೆ. ಒಳಗಿನ ಒತ್ತಡವು ದ್ರವದ ಪ್ರಮಾಣಕ್ಕಿಂತ ಅದರ ಉಷ್ಣತೆಯನ್ನು ಅವಲಂಬಿಸಿದೆ. ಆದುದರಿಂದ ಅರ್ಧ ಬರಿದಾದರೂ ಮುಳ್ಳು ಹೆಚ್ಚು ಕದಲದು. ಆದರೆ ತಂಪು ಹವೆಯಲ್ಲಿ ಹಲವು ಒಲೆಗಳು ಏಕಕಾಲಕ್ಕೆ ಉರಿದಾಗ ದ್ರವವು ತಣ್ಣಗಾಗಿ, ಅನಿಲವಿದ್ದರೂ ಒತ್ತಡ ಕುಸಿಯುತ್ತದೆ. ಒಲೆಗಳನ್ನು ಕೆಲಕಾಲ ಆರಿಸಿದಾಗ ಮುಳ್ಳು ಮತ್ತೆ ಏರಿದರೆ ಅನಿಲ ಉಳಿದಿದೆಯೆಂದೇ ಅರ್ಥ.

ತೂಕವೇ ಖಚಿತ ಮಾರ್ಗ. ಹೋಟೆಲುಗಳಲ್ಲಿ ಬಳಸುವ ವಾಣಿಜ್ಯ ಸಿಲಿಂಡರಿನಲ್ಲಿ 19 ಕಿ.ಗ್ರಾಂ. ಅನಿಲವಿರುತ್ತದೆ, ಖಾಲಿ ತೂಕವು ಸಿಲಿಂಡರಿನ ಮೇಲೆಯೇ ನಮೂದಾಗಿರುತ್ತದೆ. ಉದಾಹರಣೆಗೆ, ಖಾಲಿ ತೂಕ 18 ಕಿ.ಗ್ರಾಂ. ಇದ್ದು, ತೂಗಿದಾಗ 24 ಕಿ.ಗ್ರಾಂ. ಬಂದರೆ ಉಳಿದಿರುವ ಅನಿಲ 6 ಕಿ.ಗ್ರಾಂ. ಪಡೆಯುವಾಗಲೂ ಹಿಂದಿರುಗಿಸುವಾಗಲೂ ತೂಗಿ ನೋಡುವುದು ಲಾಭಕರ.

ಉರಿ ಹೆಚ್ಚಿಸಲೆಂದು ಸಿಲಿಂಡರನ್ನು ಬಿಸಿ ಮಾಡುವುದಾಗಲಿ, ಮಲಗಿಸುವುದಾಗಲಿ ಅಪಾಯಕರ. ಬಳಕೆ ಹೆಚ್ಚಿರುವಲ್ಲಿ ಅಧಿಕೃತ ವಿತರಕರ ಮೂಲಕ ಒಂದಕ್ಕಿಂತ ಹೆಚ್ಚು ಸಿಲಿಂಡರುಗಳನ್ನು ಜೋಡಿಸಿಕೊಳ್ಳುವುದೇ ಸೂಕ್ತ ಪರಿಹಾರ.